ಕಾರಿನ ಬಾಗಿಲ ಒಳಮೈ: ಜೀಪಿನ ಟಾರ್ಪಾಲಿನಿಂದ ಡೈಮಂಡ್ ಹೊಲಿಗೆವರೆಗೆ

ಭಾಗ 1 🚙
ಹಳೇ ಕಾರಿನ ಫೋಟೊ ಹಾಕಿದ್ರೆ ನೀವೆಲ್ಲ ಮೊದಲು ನೋಡೋದು ಗ್ರಿಲ್, ವೀಲು, ಬಣ್ಣ. ಈ ಸಲ ಯಾರೂ ಫೋಟೊ ತೆಗೆಯದ ಜಾಗಕ್ಕೆ ಹೋಗೋಣ. ಬಾಗಿಲ ಒಳಮೈ, ಅಂದ್ರೆ ಡೋರ್ ಪ್ಯಾಡ್. ನೀವು ಮೊಣಕೈ ಊರೋ ಜಾಗ, ಗ್ಲಾಸ್ ಹ್ಯಾಂಡಲ್ ಇರೋ ಜಾಗ.

ತಮಾಷೆ ಏನಂದ್ರೆ, ನಮ್ಮ ಬೆಟ್ಟಗಳಲ್ಲಿ ಈ ಕಥೆ ಶುರುವಾಗೋದೇ ಬಾಗಿಲಿಲ್ಲದ ಗಾಡಿಯಿಂದ. 1941ರಿಂದ 1945ರ ಯುದ್ಧದ ಕಾಲದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪ್ ಮಾಡಿದ್ರು. ಒಂದಕ್ಕೂ ಕಬ್ಬಿಣದ ಬಾಗಿಲಿಲ್ಲ. ಸೈನಿಕ ಬೇಗ ಹಾರಿ ಇಳೀಬೇಕಲ್ವಾ, ಪಕ್ಕದಲ್ಲಿ ಒಂದು ಪಟ್ಟಿ ಇದ್ರೆ ಸಾಕಿತ್ತು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆ ಅಂತ ಹುಟ್ಟಿದ 'ಮಹೀಂದ್ರಾ ಅಂಡ್ ಮೊಹಮ್ಮದ್' ಕಂಪನಿ (ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದ್ರು, ಹೆಸರು 1948ರಲ್ಲಿ 'ಮಹೀಂದ್ರಾ ಅಂಡ್ ಮಹೀಂದ್ರಾ' ಆಯ್ತು) ಅದೇ ಜೀಪನ್ನು ಮುಂಬೈಯಲ್ಲಿ ಜೋಡಿಸೋಕೆ ಶುರುಮಾಡ್ತು.

ಕಳಸದ ಕಡೆಯ ಗುಡ್ಡಕ್ಕೆ, ತೋಟದೊಳಗಿನ ಕೆಸರಿಗೆ ಫೋರ್ ವೀಲ್ ಡ್ರೈವ್ ಹೇಳಿ ಮಾಡಿಸಿದ ಹಾಗಿತ್ತು. ಬಾಗಿಲಿಲ್ಲದ್ದು? ಮೂಡಿಗೆರೆ ಮಳೆ ಮೇಲಿಂದ ಬೀಳಲ್ಲ, ಪಕ್ಕದಿಂದ ಬರುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ? ಹಾಗಾಗಿ ಜೀಪಿಗೆ ಟಾರ್ಪಾಲಿನ ಬಾಗಿಲು ಬಂತು. ಸುತ್ತ ಸರಳಿನ ಫ್ರೇಮು, ಮಧ್ಯೆ ಹೊಲಿದ ಪಾರದರ್ಶಕ ಹಾಳೆಯ ಕಿಟಕಿ, ಕೆಳಗೆ ಪಟ್ಟಿ. ನಮ್ಮ ಕಾಫಿ ನಾಡಿನ ಮೊದಲ ಡೋರ್ ಪ್ಯಾಡ್ ಅದೇ ಅಂತ ನಾನಂತೂ ಹೇಳ್ತೀನಿ. ಒಳಗೂ ಅದೇ, ಹೊರಗೂ ಅದೇ.

ಭಾಗ 2 🐎
ಈಗ ಸ್ವಲ್ಪ ಹಿಂದಕ್ಕೆ. ಕಾರಿನ ಒಳಗಿನ ಹೊಲಿಗೆ ಕೆಲಸ ಕಾರಿನ ಜೊತೆ ಹುಟ್ಟಿದ್ದಲ್ಲ, ಸಾರೋಟಿನಿಂದ ಬಂದಿದ್ದು. ಯುರೋಪಿನಲ್ಲಿ ಕುದುರೆ ಸಾರೋಟಿಗೆ ಚರ್ಮ, ಬಟ್ಟೆ ಹೊದಿಸ್ತಿದ್ದವರನ್ನು ಟ್ರಿಮ್ಮರ್ ಅಂತಿದ್ರು. ಕುದುರೆ ಹೋದ್ಮೇಲೆ ಅವರೇ ಕಾರಿಗೆ ಬಂದ್ರು. ನೀವು ಇವತ್ತು 'ಡೋರ್ ಟ್ರಿಮ್' ಅನ್ನೋದು ಅದೇ ಮಾತು.

ಒಂದು ವಿಷಯ ಕೇಳಿ. ಆಗಿನ ಶ್ರೀಮಂತರ ಲಿಮೋಸಿನ್‌ಗಳಲ್ಲಿ ಚರ್ಮದ ಸೀಟು ಡ್ರೈವರಿಗೆ, ಬಟ್ಟೆಯ ಸೀಟು ಯಜಮಾನರಿಗೆ! ಡ್ರೈವರ್ ಕೂರೋದು ಬಯಲಲ್ಲಿ, ಮಳೆ ತಡೆಯೋದು ಚರ್ಮ. ಯಜಮಾನರು ಮುಚ್ಚಿದ ಕೋಣೆಯಲ್ಲಿ ಮೆತ್ತನೆ ಉಣ್ಣೆ ಬಟ್ಟೆ ಮೇಲೆ. ಈಗ ನಾವು ಲೆದರ್ ಅಂದ್ರೆ ಬಾಯಿ ಬಿಡ್ತೀವಿ.

ಅಮೆರಿಕದಲ್ಲಿ 1919ರಲ್ಲಿ ಮಾರಾಟವಾದ ಕಾರುಗಳಲ್ಲಿ ಪೂರ್ತಿ ಮುಚ್ಚಿದವು ಸುಮಾರು ನೂರಕ್ಕೆ 10. 1927ರ ಹೊತ್ತಿಗೆ ಅದು 85. ಎಲ್ಲ ಬಾಗಿಲಿಗೂ ಗಾಜು, ಒಳಗೆ ಗಾಜು ಏರಿಸೋ ಯಂತ್ರ. ಅದನ್ನು ಮುಚ್ಚೋಕೆ ಅಗ್ಗದ ಹಲಗೆ ಬೇಕಾಯ್ತು. ಮರದ ನಾರನ್ನು ಒತ್ತಿ ಮಾಡುವ ಹಾರ್ಡ್‌ಬೋರ್ಡ್ ಕೂಡ 1920ರ ದಶಕದಲ್ಲೇ ವಿಲಿಯಂ ಮೇಸನ್ ಅನ್ನೋರ ಕೈಲಿ ಬಂತು. ಅದರ ಮೇಲೆ ಹೊದಿಸೋಕೆ ರೆಕ್ಸಿನ್. ನಾವು ಯಾವ ಕೃತಕ ಚರ್ಮ ಕಂಡ್ರೂ ರೆಕ್ಸಿನ್ ಅಂತೀವಿ. ಆದ್ರೆ ಅದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಊರಿನ ಒಂದು ಕಂಪನಿಯ ಹೆಸರು. ಹತ್ತಿ ಬಟ್ಟೆಗೆ ಸೆಲ್ಯುಲೋಸ್ ನೈಟ್ರೇಟ್ ಬಳಿದು ಮಾಡ್ತಿದ್ರು. ಹಳೇ ಸಿನಿಮಾ ರೀಲು ಭಗ್ ಅಂತ ಉರೀತಿದ್ದಿದ್ದು ಇದೇ ವಸ್ತುವಿಂದ. ಈಗಿನದ್ದು ಪಿವಿಸಿ, ಹೆಸರು ಮಾತ್ರ ಹಳೇದು.

ಭಾಗ 3 📒
ಬಿಕಾಂನವರಿಗೆ ಇಷ್ಟ ಆಗೋ ಭಾಗ ಇದು. 1953-54ರ ಹೊತ್ತಿಗೆ ಬರೀ ಬಿಡಿಭಾಗ ತಂದು ಜೋಡಿಸೋ ಕಂಪನಿಗಳಿಗೆ ಸರ್ಕಾರ ಬಾಗಿಲು ಮುಚ್ತು. ಫೋರ್ಡ್, ಜನರಲ್ ಮೋಟರ್ಸ್ ಹೊರಟುಹೋದವು. ಕೊಳ್ಳೋರಿಗೆ ಉಳಿದಿದ್ದು ಮುಖ್ಯವಾಗಿ ಮೂರು: ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನ ಅಂಬಾಸಿಡರ್, ಫಿಯಟ್, 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್. ಅದಕ್ಕೂ ವರ್ಷಗಟ್ಟಲೆ ಕಾಯಬೇಕು.

ನಮ್ಮ ಕಡೆ ಇನ್ನೊಂದು ಗಂಟು. 1942ರ ಕಾಫಿ ಕಾಯ್ದೆ ಪ್ರಕಾರ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿತ್ತು. ದುಡ್ಡು ಕಂತು ಕಂತಾಗಿ ಬರ್ತಿತ್ತು. ಪೂರ್ತಿ ಸ್ವಾತಂತ್ರ್ಯ ಸಿಕ್ಕಿದ್ದು 1996ರಲ್ಲಿ. ಕಾರು ಸಿಗಲ್ಲ, ಸಿಕ್ಕರೂ ಕೈಲಿ ಒಟ್ಟಿಗೆ ಕಾಸಿಲ್ಲ. ಆಗ ಮನುಷ್ಯ ಏನು ಮಾಡ್ತಾನೆ? ಇರೋ ಕಾರಿಗೇ ಹೊಸ ರೆಕ್ಸಿನ್ ಹಾಕಿಸ್ತಾನೆ. ಪಕ್ಕದ ಮನೆಯದ್ದೂ ಅದೇ ಕಾರು, ಅದೇ ಬಣ್ಣ. ನಮ್ಮದು ಬೇರೆ ಅಂತ ತೋರಿಸ್ಕೊಳ್ಳೋಕೆ ಉಳಿದ ಜಾಗ ಸೀಟು ಮತ್ತು ಬಾಗಿಲ ಒಳಮೈ. ಕುಶನ್ ಅಂಗಡಿಗಳು ಬೆಳೆದಿದ್ದು ಹೀಗೆ ಅಂತ ನನ್ನ ಲೆಕ್ಕ. ಬೆಂಗಳೂರಿನ ಜೆ.ಸಿ. ರಸ್ತೆ ದೊಡ್ಡ ಉದಾಹರಣೆ. ಸಣ್ಣ ಊರುಗಳಲ್ಲಿ ಬೈಕ್ ಸೀಟು, ಸೋಫಾ, ಜೀಪ್ ಟಾಪು ಎಲ್ಲ ಒಬ್ಬರದ್ದೇ ಕೈ.

ಭಾಗ 4 🧵
ಈಗ ಕೆಲಸ. ನಮ್ಮಜ್ಜನ 1971ರ ಮಾರ್ಕ್ 2 ಅಂಬಾಸಿಡರ್ ಡೋರ್ ಪ್ಯಾಡ್ ಹೊಸದು ಮಾಡುವಾಗ ಅಂಗಡಿ ಪಕ್ಕ ನಿಂತು ನೋಡಿದ್ದು, ಅದಕ್ಕೇ ಇದು ಉದ್ದ ಆಗುತ್ತೆ.

ಮೊದಲು ಹ್ಯಾಂಡಲ್‌ಗಳು. ಕೆಲವು ಕಾರಲ್ಲಿ ಸ್ಕ್ರೂ ಕಾಣುತ್ತೆ, ಕೆಲವದರಲ್ಲಿ ಹಿಂದೆ ಅಡಗಿದ ಪಿನ್. ಹಲಗೆ ಹಿಡಿದಿರೋದು ಸುತ್ತಲಿನ ಕ್ಲಿಪ್‌ಗಳು. ಕ್ಲಿಪ್ಪಿನ ಪಕ್ಕಕ್ಕೇ ಚಪ್ಪಟೆ ತಗಡು ತೂರಿಸಿ ಎತ್ತಬೇಕು. ದೂರದಿಂದ ಎಳೆದ್ರೆ ನೆನೆದ ಹಾರ್ಡ್‌ಬೋರ್ಡು ಹಪ್ಪಳದ ಹಾಗೆ ಮುರಿಯುತ್ತೆ.

ಹಳೇ ಹಲಗೆಯೇ ಅಳತೆ. ಅದನ್ನಿಟ್ಟು ಹೊಸ ಹಲಗೆ ಮೇಲೆ ಗೆರೆ ಎಳೀತಾರೆ. ಎಡಗಡೆಯದನ್ನು ಮಗುಚಿ ಬಲಗಡೆಗೆ ಬಳಸಬಹುದು ಅನ್ಸುತ್ತೆ ಅಲ್ವಾ? ಬೇಡ. ಐವತ್ತು ವರ್ಷ ಓಡಿದ ಕಾರಿನ ಎರಡು ಬಾಗಿಲು ಒಂದೇ ಥರ ಇರಲ್ಲ, ನಾಲ್ಕಕ್ಕೂ ಬೇರೆ ಬೇರೆ ಅಳತೆ. ಕ್ಲಿಪ್ಪಿನ ತೂತು ಸ್ವಲ್ಪ ಸರಿದ್ರೂ ಹಲಗೆ ಕೂರಲ್ಲ. ಕತ್ತರಿಸಿದ ಅಂಚಿಗೆ ವಾರ್ನಿಶ್ ಕುಡಿಸ್ತಾರೆ, ನೀರು ಮೊದಲು ನುಗ್ಗೋದು ಅಂಚಿಂದ.

ಆಮೇಲೆ ತೆಳ್ಳನೆ ಸ್ಪಂಜು. ದಪ್ಪ ಇದ್ರೆ ಚೆಂದ ಅಂದ್ಕೊಂಡು 'ಇನ್ನೂ ಮೆತ್ತಗೆ ಮಾಡಿ ಅಣ್ಣಾ' ಅಂದೆ. 'ಮಾಡಬಹುದಪ್ಪ, ಆಮೇಲೆ ಗ್ಲಾಸ್ ಹ್ಯಾಂಡಲ್ ಎಲ್ಲಿ ಹಾಕ್ತೀಯ?' ಅಂದ್ರು. ಹ್ಯಾಂಡಲ್ ಕೂರೋ ಕಡ್ಡಿ ಸ್ಪಂಜಿನೊಳಗೆ ಮುಳುಗಿಬಿಡುತ್ತಂತೆ.

ಗೆರೆ ಗೆರೆಯ ಹೊಲಿಗೆ ಇರಲಿ, ಈಗಿನ ಡೈಮಂಡ್ ಇರಲಿ, ರೆಕ್ಸಿನ್ನನ್ನು ಸ್ಪಂಜಿನ ಜೊತೆ ಮೊದಲು ಹೊಲಿದು ಆಮೇಲೆ ಕತ್ತರಿಸ್ಬೇಕು. ಪ್ರತಿ ಹೊಲಿಗೆಯೂ ಸ್ವಲ್ಪ ಸ್ವಲ್ಪ ಅಗಲ ತಿನ್ನುತ್ತೆ. ಮೊದಲೇ ಅಳತೆಗೆ ಕತ್ತರಿಸಿದ್ರೆ ಕೊನೆಗೆ ಗಿಡ್ಡ. ಸುಲೋಷನ್ ಎರಡೂ ಕಡೆ ಬಳಿದು, ಬೆರಳಿಗೆ ಅಂಟೂ ಅಂಟದ ಹಾಗೆ ಆದ್ಮೇಲೆ ಮಧ್ಯದಿಂದ ಹೊರಕ್ಕೆ ಒತ್ಕೊಂಡು ಬರ್ತಾರೆ. ಅಂಚನ್ನು ಹಿಂದಕ್ಕೆ ಮಡಿಚಿ, ಮೂಲೆಯಲ್ಲಿ ಕಚ್ಚು ಹಾಕಿ, ಪಿನ್ ಹೊಡೀತಾರೆ.

ನಮ್ಮ ಊರಿಗೆ ಎಲ್ಲಕ್ಕಿಂತ ಮುಖ್ಯ ಕಾಣದ ಒಂದು ಪ್ಲಾಸ್ಟಿಕ್ ಹಾಳೆ. ಕಿಟಕಿ ಗಾಜಿನ ಸಂದಿಯಿಂದ ಮಳೆನೀರು ಬಾಗಿಲೊಳಗೆ ಇಳಿಯೋದು ಸಹಜ, ಕೆಳಗಿನ ತೂತುಗಳಿಂದ ಹೊರಗೆ ಹೋಗಬೇಕು. ಕಬ್ಬಿಣಕ್ಕೂ ಹಲಗೆಗೂ ಮಧ್ಯೆ ಆ ಹಾಳೆ ಇಲ್ಲದಿದ್ರೆ, ಅಥವಾ ತೂತಲ್ಲಿ ಕೆಸರು ಕಟ್ಟಿದ್ರೆ, ಜೂನಿಂದ ಸೆಪ್ಟೆಂಬರ್ ಒಳಗೆ ಹಲಗೆ ಉಬ್ಬಿ ಬೂಸ್ಟು ಬರುತ್ತೆ. ಸಾವಿರಾರು ರೂಪಾಯಿ ಡೈಮಂಡ್ ಹೊಲಿಗೆ ಹಾಕಿಸಿ ಈ ಹಾಳೆ ಮರೆಯೋರು ಬೇಕಾದಷ್ಟು ಜನ.

ಭಾಗ 5 🪪
ಹಳೇ ಪ್ಯಾಡ್ ಬಿಚ್ಚಿದಾಗ ಹಸಿರು ರೆಕ್ಸಿನ್ ಕೆಳಗೆ ಕಂದು ರೆಕ್ಸಿನ್ ಇತ್ತು. ಹಿಂದೆ ಪೆನ್ಸಿಲಲ್ಲಿ 'ಮುಂದೆ ಎಡ' ಅಂತ ಕನ್ನಡದಲ್ಲಿ ಬರೆದಿತ್ತು. ಯಾವ ಕಾಲದ ಯಾರ ಕೈಬರಹವೋ. ಅವರ ಹೆಸರು ಯಾವ ಪುಸ್ತಕದಲ್ಲೂ ಸಿಗಲ್ಲ ಕಣ್ರೋ.

ಈಗ ಮನೇಲಿ ಜಗಳ ನಡೀತಿದೆ. ದೊಡ್ಡಪ್ಪನ ಮಗ ಇಂಜಿನ್ ಬದಲಿಸಿ ಪೂರ್ತಿ ಮಾಡಿಫೈ ಮಾಡೋಣ ಅಂತಾನೆ. ಅಪ್ಪ ಹಾಗೇ ಇರಲಿ ಅಂತಾರೆ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮ ಇಬ್ಬರೂ ಓದಿರಲಿಲ್ಲ. 50 ವರ್ಷ ದಾಟಿ, ಮೂಲ ರೂಪದಲ್ಲೇ ಇದ್ದು, ಚಾಸಿ, ಬಾಡಿ, ಇಂಜಿನ್ ಮಾರ್ಪಾಡಾಗದ ಗಾಡಿಗೆ ಮಾತ್ರ 'ವಿಂಟೇಜ್' ನೋಂದಣಿ. ನಂಬರಿನಲ್ಲಿ 'ವಿಎ' ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ, ದಿನನಿತ್ಯದ ಓಡಾಟಕ್ಕಲ್ಲ. ಅಂದ್ರೆ ನಾವು ಹ್ಯಾಶ್‌ಟ್ಯಾಗಲ್ಲಿ ಹಾಕೋ 'ಮಾಡಿಫೈಡ್ ವಿಂಟೇಜ್' ಕಾನೂನಿನ ಲೆಕ್ಕದಲ್ಲಿ ವಿಂಟೇಜೇ ಅಲ್ಲ. ಒಳಗಿನ ರೆಕ್ಸಿನ್ ಬಗ್ಗೆ ಆ ಸಾಲು ಹೆಸರೆತ್ತಲ್ಲ, ಆದ್ರೆ 'ಮೂಲ ರೂಪ' ಅಂತ ಕೇಳಿದಾಗ ತೋರಿಸೋಕೆ ಹಳೇ ಹಲಗೆಗಿಂತ ಒಳ್ಳೇ ಸಾಕ್ಷಿ ಯಾವುದಿದೆ? ಅಂಗಡಿಯವರು ಮೂಲೆಗೆ ಎಸೆದಿದ್ದ ನಾಲ್ಕನ್ನೂ ನಾನು ಮನೆಗೆ ತಂದು ಅಟ್ಟದ ಮೇಲೆ, ಒಲೆಯ ಹೊಗೆ ತಾಗೋ ಕಡೆ ಇಟ್ಟಿದ್ದೀನಿ. ಬೂಸ್ಟು ಬರಲ್ಲ.

ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋದ್ರೆ ಅಲ್ಲಿನ ಹಳೇ ಕಾರುಗಳ ಮ್ಯೂಸಿಯಂ ನೋಡಿ, ಶ್ರೀರಂಗಪಟ್ಟಣದ ಹತ್ತಿರ 'ಪಯಣ'ವೂ ಇದೆ. ಗ್ರಿಲ್ ಬಿಟ್ಟು ಕಿಟಕಿಯಿಂದ ಬಾಗಿಲ ಒಳಗೆ ಇಣುಕಿ.

ನಿಮ್ಮ ಮನೆಯ ಗೋಡೌನಲ್ಲಿ, ಕಾಫಿ ಮೂಟೆಗಳ ಹಿಂದೆ ಹಳೇ ಡೋರ್ ಪ್ಯಾಡೋ ಜೀಪಿನ ಟಾರ್ಪಾಲ್ ಬಾಗಿಲೋ ಬಿದ್ದಿದ್ರೆ ತಿರುಗಿಸಿ ಹಿಂಬದಿಯ ಫೋಟೊ ಕಳಿಸಿ. ಪೆನ್ಸಿಲ್ ಗುರುತಿದ್ರೆ ಹತ್ತಿರದಿಂದ ಇನ್ನೊಂದು. ಮುಂದಿನ ಸರಣಿ ಅದರ ಮೇಲೇ ಮಾಡೋಣ.