ಕಿವಿ ಕಲಿಸಿದ ಗಣಿತ

ಸಂಗೀತಕ್ಕೂ ಗಣಿತಕ್ಕೂ ನಂಟು ಹಳೆಯದು. ತಂತಿಯನ್ನು ಅರ್ಧಕ್ಕೆ ಒತ್ತಿ ಮೀಟಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ನುಡಿಯುವುದನ್ನು ವೀಣೆ ಕಲಿಯುವ ಮಕ್ಕಳೂ ಬಲ್ಲರು. ಆದರೂ ಹಾಡುವವನಿಗೆ ಲೆಕ್ಕ ಬಾರದು, ಲೆಕ್ಕದವನಿಗೆ ಹಾಡು ಬೇಡ ಎಂದು ನಮ್ಮ ವಿದ್ಯಾಶಾಲೆಗಳು ಮೊದಲೇ ತೀರ್ಮಾನಿಸಿಬಿಡುತ್ತವೆ. ಈ ತೀರ್ಮಾನ ಎಷ್ಟು ಪೊಳ್ಳೆಂಬುದಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ.

1957ರಲ್ಲಿ ಬೆಲ್ ಪ್ರಯೋಗಶಾಲೆಯ ಎಂಜಿನಿಯರ್ ಮ್ಯಾಕ್ಸ್ ಮ್ಯಾಥ್ಯೂಸ್ ಗಣಕಯಂತ್ರದಿಂದ ಸಂಗೀತ ಹೊಮ್ಮಿಸುವ ಪ್ರೋಗ್ರಾಮೊಂದನ್ನು ರಚಿಸಿದರು. ಅದರ ತತ್ತ್ವ ಸರಳವಾದುದು. ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದರೆ ಅಂಕಿಗಳ ಸಾಲೊಂದು ದೊರೆಯುತ್ತದೆ. ಆ ಸಾಲನ್ನು ಮತ್ತೆ ವಿದ್ಯುತ್ತಾಗಿ ಮಾರ್ಪಡಿಸಿ ಧ್ವನಿವರ್ಧಕಕ್ಕೆ ಕೊಟ್ಟರೆ ಶಬ್ದ ಮರಳುತ್ತದೆ. ಅಳೆಯುವ ಬದಲು ಅಂಕಿಗಳನ್ನು ಲೆಕ್ಕಹಾಕಿಯೇ ಪಡೆದರೆ? ವಾದ್ಯವಿಲ್ಲದೆ ನಾದ ಹುಟ್ಟುತ್ತದೆ!

1963ರಲ್ಲಿ ಮ್ಯಾಥ್ಯೂಸರು ಬರೆದ ಲೇಖನವು ಸ್ಟ್ಯಾನ್‌ಫರ್ಡಿನ ಸಂಗೀತ ವಿದ್ಯಾರ್ಥಿ ಜಾನ್ ಚೌನಿಂಗರ ಕೈಸೇರಿತು. ತಾಳವಾದ್ಯ ನುಡಿಸುತ್ತಿದ್ದ ಅವರಿಗೆ ಎಂಜಿನಿಯರಿಂಗಿನ ಗಂಧವಿರಲಿಲ್ಲ. 1964ರಲ್ಲಿ ಮ್ಯಾಥ್ಯೂಸರನ್ನು ಕಂಡು, ರಂಧ್ರ ಕೊರೆದ ಕಾರ್ಡುಗಳ ಪೆಟ್ಟಿಗೆಯೊಂದನ್ನು ತಂದರು. ಅದನ್ನು ಯಂತ್ರದಲ್ಲಿ ನಡೆಸಲು ನೆರವಾದವನು ಟ್ಯೂಬಾ ವಾದ್ಯ ಊದುತ್ತಿದ್ದ ಡೇವಿಡ್ ಪೂಲ್ ಎಂಬ ವಿದ್ಯಾರ್ಥಿ.

1967ರಲ್ಲಿ ಚೌನಿಂಗ್ ಸ್ವರದ ಕಂಪನವನ್ನು ಪರೀಕ್ಷಿಸುತ್ತಿದ್ದರು. ನಮ್ಮ ಕಂಪಿತ ಗಮಕವನ್ನು ನೆನೆಯಿರಿ: ಸ್ವರ ಸೆಕೆಂಡಿಗೆ ಕೆಲವು ಬಾರಿ ತೂಗುತ್ತದೆ. ಆ ತೂಗಾಟವನ್ನು ನೂರಾರು ಬಾರಿಗೆ ಏರಿಸಿದಾಗ ಕಿವಿಗೆ ಕಂಪನ ಕೇಳಿಸದೆ, ಬೇರೆಯೇ ನಾದಗುಣ ಕೇಳಿಸಿತು. ಗಂಟೆ, ತುತ್ತೂರಿ, ಎಲ್ಲವನ್ನೂ ಹಾಗೆ ಅನುಕರಿಸಬಹುದಾಯಿತು. ರೇಡಿಯೋ ಎಂಜಿನಿಯರುಗಳಿಗೆ ಪರಿಚಿತವಾಗಿದ್ದ ಗಣಿತವೇ ಇದು. ಆದರೆ ಅದರೊಳಗೆ ಸಂಗೀತವಿದೆಯೆಂದು ಮೊದಲು ಅರಿತುದು ಸಂಗೀತಗಾರನ ಕಿವಿ.

ವಿಶ್ವವಿದ್ಯಾನಿಲಯ ಮಾತ್ರ ಅವರಿಗೆ ಕಾಯಂ ಹುದ್ದೆಯನ್ನು ಕೊಡಲಿಲ್ಲ. ಅವರ ಶೋಧದ ಹಕ್ಕನ್ನು ಜಪಾನಿನ ಯಮಾಹಾ ಕಂಪೆನಿ ಪಡೆದ ಮೇಲೆ ಅದೇ ಸಂಸ್ಥೆಯ ಬೊಕ್ಕಸಕ್ಕೆ 2 ಕೋಟಿ ಡಾಲರಿಗೂ ಮಿಕ್ಕಿ ಬಂದಿತು! ಅದರ ಬಲದಿಂದ 1983ರಲ್ಲಿ ಬಂದ ಡಿಎಕ್ಸ್‌7 ವಾದ್ಯ ಲೋಕಪ್ರಸಿದ್ಧವಾಯಿತು. ಚೌನಿಂಗ್ ಮರಳಿ ಬಂದು, 1975ರಲ್ಲಿ ಸಹೋದ್ಯೋಗಿಗಳೊಡನೆ ಸ್ಥಾಪಿಸಿದ ಸಂಗೀತ ಸಂಶೋಧನ ಕೇಂದ್ರದಲ್ಲಿ ರಾಗರಚನೆಯವರೂ ಎಂಜಿನಿಯರುಗಳೂ ಒಂದೇ ಸೂರಿನಡಿ ಕಲಿಯತೊಡಗಿದರು.

ಇಂಥ ಕಲಿಕೆಯ ಗುಟ್ಟೇನು? ಮೊದಲು ಕೇಳುವುದು, ಆಮೇಲೆ ಸೂತ್ರ. ಸ್ವರವೊಂದನ್ನು ಅಳತೆಯ ವೇಗದ ಅರ್ಧವನ್ನು ದಾಟಿಸಿ ಏರಿಸುತ್ತ ಹೋದರೆ, ಅದು ಏರುವ ಬದಲು ಇಳಿಯುವಂತೆ ಕೇಳುತ್ತದೆ. ಸಮೀಕರಣಕ್ಕೆ ಅಂಜುವ ಗಾಯಕಿಗೂ ಈ ಅಪಸ್ವರ ಒಡನೆ ತಿಳಿಯುತ್ತದೆ, ‘ಏಕೆ?’ ಎಂದು ಆಕೆ ಕೇಳಿದಳೆಂದರೆ ಗಣಿತದ ಪಾಠ ಅಲ್ಲಿಗೆ ಆರಂಭವಾದಂತೆಯೇ. ಲೆಕ್ಕದಲ್ಲಿ ನಿಪುಣನಾದವನಾದರೋ ಆಕೆಯಿಂದ ಆಲಿಸುವುದನ್ನು ಕಲಿಯುತ್ತಾನೆ.

ಬಾಗಿಲಲ್ಲೇ ಅಂಕಪಟ್ಟಿ ಕೇಳಿ ಜನರನ್ನು ಹಿಂದಿರುಗಿಸುವ ವಿದ್ಯಾಲಯ ಎಷ್ಟು ಕಿವಿಗಳನ್ನು ಕಳೆದುಕೊಳ್ಳುತ್ತಿದೆಯೋ, ಲೆಕ್ಕವಿಟ್ಟವರು ಯಾರು?