ಅತಿಥಿಗಳು ಬಂದ ಮೇಲೆ ಹುಟ್ಟಿದ ಹೆಸರು

ವಿರಾರ್ ಲೋಕಲ್ಲಿನಲ್ಲಿ ದಿನಾ ಓಡಾಡುವ ಮುಂಬೈ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ತಾವು ಒಂದು ದ್ವೀಪವನ್ನು ಉದ್ದಕ್ಕೆ ದಾಟುತ್ತಿದ್ದೇವೆ ಎಂಬುದು ನೆನಪಿರುವುದಿಲ್ಲ. ಮಾಹಿಮ್ ಬಿಟ್ಟು ಬಾಂದ್ರಾ ಸೇರುವ ಮೊದಲು ಕಿಟಕಿಯಾಚೆ ಒಂದು ಖಾಡಿ ಬರುತ್ತದೆ. ಭಾಯಂದರ್ ಬಿಟ್ಟ ಮೇಲೆ ಅದಕ್ಕಿಂತ ಬಹಳ ಅಗಲವಾದ ಇನ್ನೊಂದು ಖಾಡಿ. ಈ ಎರಡು ನೀರಿನ ನಡುವಿನ ನೆಲದ ಹೆಸರು ಸಾಷ್ಟಿ. ಅರವತ್ತಾರು ಊರುಗಳು ಎಂಬರ್ಥದ ‘ಷಟ್‌ಷಷ್ಟಿ’ ಜನರ ಬಾಯಲ್ಲಿ ಸಾಷ್ಟಿಯಾಯಿತು, ಪರಂಗಿಯವರ ಬಾಯಲ್ಲಿ ಸಾಲ್ಸೆಟ್ ಆಯಿತು. ಬಾಂದ್ರಾ, ಅಂಧೇರಿ, ಬೊರಿವಲಿ, ಆಚೆ ಕುರ್ಲಾ, ಮುಲುಂಡ್, ಠಾಣೆ ಎಲ್ಲವೂ ಈ ದ್ವೀಪದ ಮೇಲೇ ಇವೆ.

ಬೆನ್ನಿಗೆ ಚೀಲ ಏರಿಸಿಕೊಂಡು ಕೆರಿಬಿಯನ್ ಕಡೆ ಹೋದವರು ಕ್ಯೂಬಾದ ಟ್ರಿನಿಡಾಡ್ ಪಟ್ಟಣದ ಬಗ್ಗೆ ಹೇಳುವುದನ್ನು ಕೇಳಿರುತ್ತೀರಿ. ಸ್ಪೇನಿನವರು 1514ರಲ್ಲಿ ಕಟ್ಟಿದ ಊರು. ಕಲ್ಲು ಹಾಸಿದ ಬೀದಿ, ಬಣ್ಣ ಬಳಿದ ಮನೆ. ಉಳಿಯಲು ಹೋಟೆಲ್ಲೇ ಬೇಕೆಂದಿಲ್ಲ, ಬಾಗಿಲ ಮೇಲೆ ನೀಲಿ ಲಂಗರಿನಂಥ ಗುರುತು ಇದ್ದರೆ ಆ ಮನೆಯವರೇ ಕೋಣೆ ಕೊಡುತ್ತಾರೆ, ಅವರೇ ಅಡುಗೆ ಮಾಡಿ ಬಡಿಸುತ್ತಾರೆ. 1997ರಲ್ಲಿ ಸರ್ಕಾರ ಇದಕ್ಕೊಂದು ಕಾನೂನು ಮಾಡಿತು. ಮುಂಬೈಯವರಿಗೆ ಇಂಥದ್ದೊಂದು ದ್ವೀಪ ನೋಡಲು ವೀಸಾ ಬೇಕಿಲ್ಲ. ಎರಡು ದಿನದ ಬಿಡುವು, ಒಂದು ಚೀಲ, ಗಟ್ಟಿ ಚಪ್ಪಲಿ ಸಾಕು. ಆದರೆ ಇಲ್ಲಿಯ ಕತೆ ಅಲ್ಲಿಯದರ ಪಡಿಯಚ್ಚಲ್ಲ. ಜೊತೆಗೆ ಈ ಕತೆಯಲ್ಲಿ ನಮ್ಮ ಕರಾವಳಿಯವರಿಗೂ ಒಂದು ಪಾತ್ರವಿದೆ.

ಮೊದಲು ಖಾಡಿ ದಾಟಿ ವಸಯಿಗೆ ಹೋಗಬೇಕು. ಗುಜರಾತಿನ ಸುಲ್ತಾನ ಬಹಾದೂರ್ ಶಾ 1534ರ ಡಿಸೆಂಬರ್ 23ರಂದು ವಸಯಿಯನ್ನೂ ಅದರ ಕೆಳಗಿನ ದ್ವೀಪಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಉಳ್ಳಾಲದ ಅಬ್ಬಕ್ಕನ ಕತೆ ಕೇಳಿ ಬೆಳೆದ ನಮಗೆ ಪೋರ್ಚುಗೀಸರು ಎಂದರೆ ಹಡಗಿನಲ್ಲಿ ಬಂದು ಬಂದರು ಸುಟ್ಟು ಕಪ್ಪ ಕೇಳುವವರು. ಇಲ್ಲಿ ಅವರು ಇನ್ನೂರು ವರ್ಷ ಕೂತು ಆಳಿದರು. ದಮನ್‌ನಿಂದ ಚೌಲ್‌ವರೆಗಿನ ‘ಉತ್ತರ ಪ್ರಾಂತ’ಕ್ಕೆ ವಸಯಿಯೇ ರಾಜಧಾನಿ. ಕೋಟೆಯೊಳಗೆ ಕುಲೀನರ ಮನೆಗಳು. ಫ್ರಾನ್ಸಿಸ್ಕನ್, ಜೆಸ್ವಿತ್, ಡೊಮಿನಿಕನ್ ಪಂಥಗಳಿಗೆ ಒಂದೊಂದು ಇಗರ್ಜಿ. ನೆಲದ ಕಡೆಗೊಂದು, ಸಮುದ್ರದ ಕಡೆಗೊಂದು ಹೆಬ್ಬಾಗಿಲು. ಸುತ್ತಲಿನ ಹಳ್ಳಿಗಳನ್ನು ಪೋರ್ಚುಗೀಸ್ ಯೋಧರಿಗೂ ಮಠಗಳಿಗೂ ಗೇಣಿಗೆ ಹಂಚಲಾಯಿತು. ಮುಂಬೈ ದ್ವೀಪ ಕೂಡ ಹೀಗೆ ಗೇಣಿಗೆ ಹೋದದ್ದೇ. ಅದನ್ನು ಪಡೆದಿದ್ದವನು ಗಾರ್ಸಿಯಾ ದ ಒರ್ತಾ ಎಂಬ ವೈದ್ಯ, ಭಾರತದ ಗಿಡಮೂಲಿಕೆಗಳ ಬಗ್ಗೆ 1563ರಲ್ಲಿ ಗೋವಾದಲ್ಲಿ ಪುಸ್ತಕ ಅಚ್ಚು ಹಾಕಿಸಿದವನು.

ಕ್ಯೂಬಾಕ್ಕೂ ವಸಯಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿಂದಲೇ ಶುರು. ಅಲ್ಲಿಯ ಮೂಲನಿವಾಸಿ ಟೈನೊ ಜನ ರೋಗಕ್ಕೂ ದುಡಿಮೆಗೂ ಹಿಂಸೆಗೂ ಸಿಕ್ಕಿ ಕೆಲವೇ ತಲೆಮಾರುಗಳಲ್ಲಿ ಹೆಚ್ಚುಕಡಿಮೆ ಇಲ್ಲವಾದರು. ಅವರ ಜಾಗಕ್ಕೆ ಆಫ್ರಿಕಾದಿಂದ ಗುಲಾಮರನ್ನು ತಂದು ಕಬ್ಬು ಬೆಳೆಸಿದರು. ಗುಲಾಮಗಿರಿ ಅಲ್ಲಿ ಕಾನೂನಿನಿಂದ ಹೋದದ್ದು 1886ರಲ್ಲಿ. ಸಾಷ್ಟಿಯಲ್ಲಿ ಊರಿನ ಜನ ಊರಿನಲ್ಲೇ ಉಳಿದರು. ಅದೇ ಗದ್ದೆ, ಅದೇ ತೆಂಗು, ಅದೇ ಬಲೆ, ದೇವರು ಬದಲಾದ. ಆ ಬದಲಾವಣೆ ಸುಮ್ಮನೆ ಆದದ್ದಲ್ಲ. ಬೊರಿವಲಿಯ ಮಂಡಪೇಶ್ವರ ಗುಹೆಗೆ ಹೋದರೆ ಕಣ್ಣಾರೆ ನೋಡಬಹುದು. ಶಿವನ ಗುಹಾಲಯವನ್ನು ಫ್ರಾನ್ಸಿಸ್ಕನ್ ಪಾದ್ರಿಗಳು 16ನೇ ಶತಮಾನದಲ್ಲಿ ಇಗರ್ಜಿ ಮಾಡಿಕೊಂಡರು. ಅದೇ ಬಂಡೆಯ ನೆತ್ತಿಯ ಮೇಲೆ ಮಠ ಕಟ್ಟಿದರು. ಈಗ ಒಳಗೆ ನಟರಾಜನೂ ಇದ್ದಾನೆ, ಒಂದು ಗೋಡೆಯಲ್ಲಿ ಕೆತ್ತಿದ ಶಿಲುಬೆಯೂ ಇದೆ, ಮೇಲೆ ಮಠದ ಮೊಂಡುಗೋಡೆಗಳಿವೆ.

ಅಲ್ಲಿಂದ ಸ್ವಲ್ಪ ದೂರದ ಕಾನ್ಹೇರಿ ಗುಹೆಗಳಲ್ಲಿ ಇನ್ನೂ ಹಳೆಯ ಒಂದು ಪದರವಿದೆ. ಅಲ್ಲಿಯ 9ನೇ ಶತಮಾನದ ಶಾಸನಗಳು ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರ ಜೊತೆಗೆ ಅವರ ಒಡೆಯನ ಹೆಸರನ್ನೂ ಹೇಳುತ್ತವೆ: ಮಾನ್ಯಖೇಟದ ಅಮೋಘವರ್ಷ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಅರಸನೇ ಈ ದ್ವೀಪದ ಬೌದ್ಧ ಭಿಕ್ಷುಗಳಿಗೂ ಅರಸನಾಗಿದ್ದ. ಇದನ್ನು ಹೇಳಿದ್ದು ‘ಮುಂಬೈಯೂ ನಮ್ಮದೇ’ ಎಂದು ಎದೆ ತಟ್ಟಿಕೊಳ್ಳುವುದಕ್ಕಲ್ಲ. ಸಾಷ್ಟಿಗೆ ಒಡೆಯರು ದೂರದಿಂದ ಬಂದು ಹೋಗುತ್ತಲೇ ಇದ್ದರು, ಗದ್ದೆ ಉತ್ತವರು ಮಾತ್ರ ಅಲ್ಲೇ ಇದ್ದರು ಎಂಬುದಕ್ಕೆ ಅದೊಂದು ಸಾಕ್ಷಿ.

1739ರಲ್ಲಿ ಪೇಶ್ವೆ ಬಾಜಿರಾಯನ ತಮ್ಮ ಚಿಮಾಜಿ ಅಪ್ಪಾ ವಸಯಿಯನ್ನು ಗೆದ್ದ. ಕೋಟೆಯೊಳಗಿನ ಪೋರ್ಚುಗೀಸರು ಗಂಟುಮೂಟೆ ಕಟ್ಟಿ ಹಡಗು ಹತ್ತಿದರು. ಇಗರ್ಜಿಗಳ ಕಂಚಿನ ಗಂಟೆಗಳು ಮರಾಠರ ಜೊತೆ ಘಟ್ಟ ಹತ್ತಿದವು. ನಾಶಿಕದ ನಾರೋಶಂಕರ, ಭೀಮಾಶಂಕರ, ವಾಯಿ ಹತ್ತಿರದ ಮೇಣವಲಿ ದೇವಸ್ಥಾನಗಳಲ್ಲಿ ಅವು ಈಗಲೂ ನೇತಾಡುತ್ತಿವೆ. 1774ರ ಡಿಸೆಂಬರಿನಲ್ಲಿ ಸಾಷ್ಟಿ ಇಂಗ್ಲಿಷರ ಪಾಲಾಯಿತು. ಇದೇ ವಸಯಿಯಲ್ಲಿ 1802ರ ಡಿಸೆಂಬರ್ 31ರಂದು ಎರಡನೇ ಬಾಜಿರಾಯ ಇಂಗ್ಲಿಷರಿಗೆ ಸಹಿ ಹಾಕಿ ಕೊಟ್ಟು ಮರಾಠರ ಸ್ವಾತಂತ್ರ್ಯಕ್ಕೆ ಕೊನೆಯ ದಾರಿ ತೆರೆದ.

ಇಷ್ಟೆಲ್ಲ ಆಗುವಾಗ ಹಳ್ಳಿಯ ಕ್ರೈಸ್ತರು ಎಲ್ಲಿಗೂ ಹೋಗಲಿಲ್ಲ. ಅವರನ್ನು ತಂದವರು ಹೊರಟುಹೋಗಿದ್ದರು. ದೇಶೀ ಪಾದ್ರಿಗಳು ಪೂಜೆ ನಡೆಸಿಕೊಂಡು ಬಂದರು. ಗದ್ದೆಯವರು ಗದ್ದೆಯಲ್ಲಿ, ಕೋಳಿ ಬೆಸ್ತರು ಕಡಲಲ್ಲಿ ಉಳಿದರು. ವಸಯಿಯ ಸಾಮವೇದಿ ಕ್ರೈಸ್ತರು ಇಂದಿಗೂ ಕಾದೋಡಿ ಎಂಬ ತಮ್ಮದೇ ಮಾತು ಆಡುತ್ತಾರೆ. ವಸಯಿ ಕೋಟೆಯಲ್ಲಿ ಸೂರಿಲ್ಲದ ಇಗರ್ಜಿಗಳನ್ನು ನೋಡಿ ಫೋಟೋ ತೆಗೆದು ಹಿಂದಿರುಗುವವರು ಅರ್ಧ ಮಾತ್ರ ನೋಡಿರುತ್ತಾರೆ. ಕೋಟೆ ಸತ್ತಿದೆ. ಅದಕ್ಕೆ ಅಕ್ಕಿ, ಮೀನು, ಆಳು ಒದಗಿಸುತ್ತಿದ್ದ ಹಳ್ಳಿ ಬದುಕಿದೆ. ಅಂಥ ಹಳ್ಳಿಗೆ ಇಲ್ಲಿ ಗಾವಠಾಣ್ ಎನ್ನುತ್ತಾರೆ. ಬಾಂದ್ರಾದ ರಣವಾರ್ ಮತ್ತು ಚಿಂಬಯಿ, ಅಂಧೇರಿಯ ಅಂಬೋಲಿ, ಮರೋಳ್, ಮನೋರಿ, ಗೊರಾಯಿ, ಹೀಗೆ ಮುಂಬೈಯೊಳಗೆ ನೂರಕ್ಕೂ ಹೆಚ್ಚು ಇವೆ. ವಿಮಾನ ನಿಲ್ದಾಣವನ್ನು ಹಿಂದೆ ಎಲ್ಲರೂ ಕರೆಯುತ್ತಿದ್ದ ‘ಸಹಾರ್’ ಎಂಬ ಹೆಸರೂ ಇಂಥ ಒಂದು ಹಳ್ಳಿಯದೇ. ಅಂಧೇರಿಯ ಸೀಪ್ಜ್ ಆವರಣದೊಳಗೆ, ಕಂಪ್ಯೂಟರ್ ಕಂಪನಿಗಳ ನಡುವೆ, 1579ರಲ್ಲಿ ಜೆಸ್ವಿತರು ಕಟ್ಟಿದ ಸಂತ ಜಾನ್ ಬ್ಯಾಪ್ಟಿಸ್ಟ್ ಇಗರ್ಜಿಯ ಪಾಳುಗೋಡೆಗಳಿವೆ. ಸಾಂಕ್ರಾಮಿಕ ರೋಗಕ್ಕೆ ಹೆದರಿ 1840ರಲ್ಲಿ ಜನ ಅದನ್ನು ಬಿಟ್ಟರು. ಆದರೂ ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಮರೋಳಿನವರು ಅಲ್ಲಿ ಸೇರಿ ಪೂಜೆ ಮಾಡುತ್ತಾರೆ.

ಈ ಜನರಿಗೆ ಹೆಸರು ಬಂದದ್ದು ಹೇಗೆ ಎಂಬಲ್ಲಿಗೆ ನಮ್ಮವರು ಬರುತ್ತಾರೆ. 1845ರಲ್ಲಿ ಮಾಹಿಮ್ ಖಾಡಿಗೆ ಸೇತುರಸ್ತೆ ಆಯಿತು, 1853ರಲ್ಲಿ ರೈಲು ಬಂತು. ಮುಂಬೈಯಲ್ಲಿ ಗಿರಣಿ, ಬಂದರು, ರೈಲ್ವೆ ಕಚೇರಿಗಳು ಬೆಳೆದವು. ಇಂಗ್ಲಿಷ್ ಅಕ್ಷರ ಕಲಿತ ಸಾಷ್ಟಿಯ ಕ್ರೈಸ್ತರಿಗೆ ಗುಮಾಸ್ತೆ ಕೆಲಸ ಸುಲಭವಾಗಿ ಸಿಗುತ್ತಿತ್ತು. ಆಗ ಗೋವಾದಿಂದಲೂ ಮಂಗಳೂರಿನಿಂದಲೂ ಹಡಗು ಹಡಗಾಗಿ ಬೇರೆ ಕ್ರೈಸ್ತರು ಬಂದರು. ಅವರದ್ದೂ ಪೋರ್ಚುಗೀಸ್ ಅಡ್ಡಹೆಸರು: ಡಿಸೋಜಾ, ಪಿರೇರಾ, ಫೆರ್ನಾಂಡಿಸ್. ಅವರದ್ದೂ ಅದೇ ಇಗರ್ಜಿ. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾದ ಮೇಲಂತೂ ಮಂಗಳೂರಿನ ಹುಡುಗರ ಇಂಗ್ಲಿಷ್ ಇನ್ನಷ್ಟು ಚುರುಕಾಯಿತು. ಕಚೇರಿಯ ಸಾಹೇಬರಿಗೆ ಇವರೆಲ್ಲ ಒಂದೇ, ‘ಪೋರ್ಚುಗೀಸ್ ಕ್ರಿಶ್ಚಿಯನ್’. ಸ್ಥಳೀಯರಿಗೆ ಕಾಲ ಕೆಳಗಿನ ನೆಲ ಜಾರಿದ ಹಾಗಾಯಿತು. 1887, ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 50 ವರ್ಷ. ಆ ವರ್ಷ ಅವರು ಒಂದು ಸಂಘ ಕಟ್ಟಿ, ತಮ್ಮನ್ನು ‘ಈಸ್ಟ್ ಇಂಡಿಯನ್’ ಎಂದು ಕರೆದುಕೊಂಡರು. ನಾವು ಈಸ್ಟ್ ಇಂಡಿಯಾ ಕಂಪನಿಯ ಹಳೆಯ ಪ್ರಜೆಗಳು, ನಿನ್ನೆ ಹಡಗಿನಿಂದ ಇಳಿದವರಲ್ಲ ಎಂಬುದು ಆ ಹೆಸರಿನ ಅರ್ಥ.

ಭಾರತದ ಪಶ್ಚಿಮ ತೀರದಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನಾಡುವ ಜನ ‘ಪೂರ್ವ’ದವರಾದದ್ದು ಹೀಗೆ. ಅವರನ್ನು ಆ ಹೆಸರಿನ ಕಡೆಗೆ ತಳ್ಳಿದವರಲ್ಲಿ ಮಂಗಳೂರಿನ ನಮ್ಮ ಜನವೂ ಇದ್ದರು.

ಬಂದವರಿಗೂ ಉಳಿಯಲು ಜಾಗ ಬೇಕಿತ್ತು. ಗೋವಾದವರು ಧೋಬಿ ತಲಾವ್, ಗಿರಗಾಂವ್ ಸುತ್ತ ‘ಕೂಡ್’ಗಳನ್ನು ಮಾಡಿಕೊಂಡರು. ಒಂದೊಂದು ಊರಿಗೆ ಒಂದೊಂದು ಕೂಡ್; ತಲೆಗೊಂದು ಟ್ರಂಕು, ಮಲಗಲು ನೆಲ, ಗೋಡೆಗೊಂದು ದೇವರ ಪೀಠ, ಸಂಜೆ ಎಲ್ಲರೂ ಕೂಡಿ ಜಪಸರ. ಒಂದು ಹಡಗಿನಿಂದ ಇಳಿದು ಇನ್ನೊಂದು ಹತ್ತುವವರೆಗೆ ಖಲಾಸಿಗಳ ಮನೆ ಅದೇ. ಕರಾವಳಿಯ ಮೊಗವೀರರು 1902ರಲ್ಲೇ ಇಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿದರು. ಉಡುಪಿ ಹೋಟೆಲಿನ ಹುಡುಗರು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಹೋಟೆಲಿನ ಬೆಂಚಿನ ಮೇಲೇ ಮಲಗಿದರು. ಬಾಂದ್ರಾದಲ್ಲಿ 1918ರ ಹೊತ್ತಿಗೆ ಸಾಲ್ಸೆಟ್ ಕ್ಯಾಥೊಲಿಕ್ ಸಹಕಾರಿ ವಸತಿ ಸಂಘ ಹುಟ್ಟಿತು. ಹೊರಗಿನಿಂದ ಬಂದವರೂ ಅಲ್ಲಿ ದ್ವೀಪದ ಹೆಸರಿನಡಿ ಮನೆ ಕಟ್ಟಿಕೊಂಡರು. ಮುಂದೆ ಬಾಂದ್ರಾದ ಕ್ರೈಸ್ತ ಮನೆಗಳಲ್ಲಿ ಒಂದು ಕೋಣೆ ‘ಪೇಯಿಂಗ್ ಗೆಸ್ಟ್’ಗೆ ಬಿಡುವುದು ರೂಢಿಯಾಯಿತು. ಊಟಕ್ಕೆ ಸಮಯ, ರಾತ್ರಿ ಬಾಗಿಲಿಗೆ ಸಮಯ, ಆಂಟಿಯ ಕಣ್ಣು ತಪ್ಪಿಸಿ ಏನೂ ಇಲ್ಲ. ಕ್ಯೂಬಾದವರು ಕಾನೂನು ಮಾಡುವುದಕ್ಕೆ ಎಷ್ಟೋ ಮೊದಲೇ ಈ ದ್ವೀಪದಲ್ಲಿ ಪರ ಊರಿನವರು ಮನೆಯೊಳಗೆ ಇದ್ದರು.

ಅತಿಥಿ ಹೆಚ್ಚಾದಾಗ ಮನೆಯವರಿಗೆ ಆಗುವ ಕಸಿವಿಸಿ ಮುಂಬೈಗೆ ಹೊಸದಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದೇ ಗುಮಾಸ್ತೆ ಕೆಲಸಗಳ ಹೆಸರಿನಲ್ಲಿ ದಕ್ಷಿಣದವರ ಮೇಲೆ ಸಿಟ್ಟು ಹರಿಯಿತು, ಉಡುಪಿ ಹೋಟೆಲುಗಳೂ ಅದಕ್ಕೆ ಗುರಿಯಾದವು. ಆ ನೆನಪು ಮುಂಬೈ ಕನ್ನಡಿಗರ ಮನೆಗಳಲ್ಲಿ ಇನ್ನೂ ಇದೆ. ಅದಕ್ಕೆ 79 ವರ್ಷ ಹಿಂದೆ ಸಾಷ್ಟಿಯ ಕ್ರೈಸ್ತರೂ ಅದೇ ಭಯ ಪಟ್ಟಿದ್ದರು. ಅವರು ಅಂಗಡಿ ಒಡೆಯಲಿಲ್ಲ, ಸಂಘ ಕಟ್ಟಿ ಹೆಸರು ಬದಲಿಸಿಕೊಂಡರು. ಅವರ ಭಯ ಸುಳ್ಳಾಗಿತ್ತು ಎಂದು ಹೇಳುವುದು ಕಷ್ಟ. ಕೆಲಸಕ್ಕಿಂತ ಹೆಚ್ಚಾಗಿ ನೆಲ ಕೈಬಿಟ್ಟಿತು. ಗಿರಗಾಂವಿನ ಖೋತಾಚಿ ವಾಡಿಯಲ್ಲಿ ಒಂದು ಕಾಲಕ್ಕೆ 65 ಮರದ ಮನೆಗಳಿದ್ದವು ಎನ್ನುತ್ತಾರೆ. ಈಗ ಅದರ ಅರ್ಧವೂ ಇಲ್ಲ. ಹಂಚಿನ ಮನೆಯ ಬೆಲೆಗಿಂತ ಅದರ ಕೆಳಗಿನ ಜಾಗದ ಬೆಲೆ ನೂರು ಪಾಲು ಹೆಚ್ಚಾದರೆ, ಅಣ್ಣತಮ್ಮಂದಿರು ಪಾಲು ಕೇಳಿದ ದಿನ ಬಿಲ್ಡರ್ ಬಾಗಿಲಲ್ಲಿ ನಿಂತಿರುತ್ತಾನೆ.

ಹಾಗಾಗಿ ಚೀಲ ಹೊತ್ತು ಹೊರಟವರು ಒಂದು ರಾತ್ರಿಯನ್ನು ಮನೆಯೊಂದರಲ್ಲಿ ಕಳೆಯುವುದು ಒಳ್ಳೆಯದು. ಮಲಾಡಿನಿಂದ ಮಾರ್ವೆಗೆ ಬಸ್ಸು, ಮಾರ್ವೆಯಿಂದ ದೋಣಿಯಲ್ಲಿ ಕೆಲವೇ ನಿಮಿಷಕ್ಕೆ ಮನೋರಿ. ಅಲ್ಲಿಂದ ಗೊರಾಯಿ, ಉತ್ತನ್‌ವರೆಗೆ ಕಡಲ ಬದಿಯಲ್ಲಿ ಹಾದಿ ಇದೆ. ಕೋಣೆ ಬಾಡಿಗೆಗೆ ಕೊಡುವ ಮನೆಗಳು ಈ ಊರುಗಳಲ್ಲಿ ಸಿಗುತ್ತವೆ. ಊಟಕ್ಕೆ ಮೀನು, ಎಣ್ಣೆಯಲ್ಲಿ ಉಬ್ಬಿದ ಫುಗಿಯಾ, ‘ಬಾಟಲ್ ಮಸಾಲೆ’ ಹಾಕಿದ ಸಾರು. ಬೇಸಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜಿನಸು ಹುರಿದು ಕುಟ್ಟಿ, ಬಿಯರ್ ಬಾಟಲಿಯಲ್ಲಿ ಗಿಡಿದು ತುಂಬಿಡುವ ಮಸಾಲೆ ಅದು. ಮನೆಯವರ ಹತ್ತಿರ ಮದುವೆಯ ಮಾತೆತ್ತಿ ನೋಡಿ. ವಾದ್ಯ ಬಾರಿಸಿಕೊಂಡು ಬಾವಿಗೆ ಹೋಗಿ ನೀರು ತರುವುದು, ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವುದು ಎಲ್ಲ ಹೇಳುತ್ತಾರೆ. ಮಂಗಳೂರು ಕಡೆಯ ಕ್ರೈಸ್ತರ ಮದುವೆಗೆ ಹೋದವರಿಗೆ ‘ರೋಸ್’ ನೆನಪಾಗದೆ ಇರದು. 1887ರಲ್ಲಿ ಕೆಲಸಕ್ಕಾಗಿ ಬೇರೆ ಬೇರೆಯಾದವರು ಬಚ್ಚಲಿನಲ್ಲೂ ಅಡುಗೆಮನೆಯಲ್ಲೂ ಒಂದೇ ಆಗಿದ್ದರು.

ನೀವು ಕೊಡುವ ಬಾಡಿಗೆ ಬಿಲ್ಡರನ ದುಡ್ಡಿನ ಮುಂದೆ ಏನೂ ಅಲ್ಲ. ಆದರೂ ಅದು ಮಳೆಗಾಲಕ್ಕೆ ಮುಂಚೆ ಹಂಚು ಹೊದಿಸುವ ಖರ್ಚಿಗಾಗುತ್ತದೆ; ಈ ಮನೆ ನಿಂತಿದ್ದರೂ ದುಡಿಯುತ್ತದೆ ಎಂದು ಮುಂದಿನ ಮಕ್ಕಳಿಗೆ ತೋರಿಸುತ್ತದೆ. ಹಿಂದೆ ನಮ್ಮವರು ಕೆಲಸ ಹುಡುಕಿಕೊಂಡು ಈ ದ್ವೀಪಕ್ಕೆ ಬಂದು ಇಲ್ಲೇ ಉಳಿದುಬಿಟ್ಟರು. ನಾವು ಎರಡು ದಿನ ಇದ್ದು, ಉಂಡು, ಲೆಕ್ಕ ಚುಕ್ತಾ ಮಾಡಿ, ದೋಣಿ ಹತ್ತಿ ಹಿಂದಿರುಗಬಹುದು. ಹಿಂದಿರುಗುವ ಅತಿಥಿಯೂ ಇರುತ್ತಾನೆ ಎಂಬುದು ಆ ಮನೆಗಳಿಗೆ ಗೊತ್ತಾದರೆ ಒಳ್ಳೆಯದೇ.