ಮಾಹಿತಿ ಹಕ್ಕು: ಅರ್ಜಿ ಕೊಟ್ಟ ಮೇಲಿನ ದಾರಿ



ಕನ್ನಡ ಮಾಧ್ಯಮ ಶಾಲೆಗೆ ಮಂಜೂರಾದ ಶಿಕ್ಷಕರ ಹುದ್ದೆ ಎಷ್ಟು, ಖಾಲಿ ಎಷ್ಟು, ಕನ್ನಡ ಬಾರದವರನ್ನು ಯಾವ ಆದೇಶದ ಮೇಲೆ ನೇಮಿಸಿದರು ಎಂಬ ಕಾಗದಗಳು ಗಡಿ ಊರಿನ ನಮಗೆ ಆಗಾಗ ಬೇಕಾಗುತ್ತವೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅವನ್ನು ಕೇಳಬಹುದು. ಕಾರಣ ಹೇಳಬೇಕಾಗಿಲ್ಲ. ಕೇಳುವುದು ಸುಲಭ, ಕೈಗೆ ಬರುವುದೇ ಕಷ್ಟ.

ಭಾಷೆ: ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು ಎನ್ನುತ್ತದೆ 6ನೇ ಕಲಮು. ಬರೀ ಕನ್ನಡದ ಅರ್ಜಿ ವಾಪಸು ಬರುವ ಸಂಭವವಿದೆ. ಆದ್ದರಿಂದ ಇಂಗ್ಲಿಷ್ ಅಥವಾ ರಾಜ್ಯಭಾಷೆಯಲ್ಲಿ ಬರೆಸಿ, ಕನ್ನಡ ಪ್ರತಿಯನ್ನು ಜೊತೆಗಿಡಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿ ನೆರವಾಗಬೇಕು.

ಗಡುವು: 30 ದಿನ. ಜೀವ, ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಬೇರೆ ಕಚೇರಿಯ ವಿಷಯವಾದರೆ 5 ದಿನದೊಳಗೆ ಅವರೇ ಅಲ್ಲಿಗೆ ಕಳಿಸಬೇಕು. ಗಡುವಿನೊಳಗೆ ಉತ್ತರ ಬಾರದಿದ್ದರೆ ನಿರಾಕರಿಸಿದಂತೆ ಲೆಕ್ಕ. ಆಮೇಲೆ ಕೊಡುವ ಮಾಹಿತಿಗೆ ಶುಲ್ಕವಿಲ್ಲ. 'ಕಡತ ಸಿಗುತ್ತಿಲ್ಲ' ಎಂಬುದು 8ನೇ ಕಲಮಿನ ವಿನಾಯಿತಿಗಳಲ್ಲಿ ಇಲ್ಲ.

ಮೊದಲ ಮೇಲ್ಮನವಿ: 30 ದಿನದೊಳಗೆ, ಅದೇ ಇಲಾಖೆಯ ಮೇಲಧಿಕಾರಿಗೆ. ಅವರು 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು.

ಎರಡನೇ ಮೇಲ್ಮನವಿ: 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ, ರೈಲ್ವೆ, ಅಂಚೆಯಂಥ ಕಚೇರಿಗಳ ವಿಷಯವಾದರೆ ಕೇಂದ್ರ ಆಯೋಗಕ್ಕೆ. ಜನ ಸೋಲುವುದು ಇಲ್ಲೇ. ಆಯೋಗ ಇಷ್ಟು ದಿನದಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಹೇಳಿಲ್ಲ. ಆಯುಕ್ತರ ಸ್ಥಾನ ಖಾಲಿಯಿದ್ದರೆ ಸರದಿ ಇನ್ನೂ ಬೆಳೆಯುತ್ತದೆ. ಖಾಲಿ ಸ್ಥಾನಗಳನ್ನು ಸಕಾಲಕ್ಕೆ ತುಂಬಬೇಕೆಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲಿ ಹೇಳಿತು. ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂ.ನಂತೆ ಗರಿಷ್ಠ 25,000 ರೂ. ದಂಡವಿದೆ, ಆದರೆ ಅದನ್ನು ವಿಧಿಸುವುದೂ ಆಯೋಗವೇ.

ಎಚ್ಚರಿಕೆ: 18ನೇ ಕಲಮಿನ ದೂರು ಬೇರೆ, 19ನೇ ಕಲಮಿನ ಮೇಲ್ಮನವಿ ಬೇರೆ. ದೂರಿನ ಮೇಲೆ ದಂಡ ಹಾಕಬಹುದು, ಮಾಹಿತಿ ಕೊಡಿಸಲಾಗದು ಎಂದು 2011ರಲ್ಲಿ ಮಣಿಪುರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಕಾಗದ ಬೇಕಿದ್ದವರು ಮೇಲ್ಮನವಿಯನ್ನೇ ಹಾಕಬೇಕು.

ನಾವು ಟಪಾಲು ಪುಸ್ತಕ ನೋಡಿಕೊಂಡೇ ನಿವೃತ್ತರಾದವರು. ಮುದ್ರೆ, ತಾರೀಖು ಇಲ್ಲದ ಅರ್ಜಿ ಕೊಟ್ಟೇ ಇಲ್ಲವೆಂದಾಗುತ್ತದೆ. ಸ್ವೀಕೃತಿ ಅಥವಾ ಅಂಚೆಯ ರಸೀದಿ ಜೋಪಾನವಾಗಿಡಿ, ಗಡುವಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮೇಲ್ಮನವಿ ಬರೆಯಲು ತೊಡಕಾದರೆ ಪ್ರತಿಗಳೊಂದಿಗೆ ಸಂಘಕ್ಕೆ ಬನ್ನಿ, ಕೂತು ಬರೆಯೋಣ.

– ಕಾರ್ಯದರ್ಶಿ